ಸ್ಟಾರ್ಟ್ ಗೇಟಿಗೆ ಹೋಗದ ಬೊಹ್ದಾನಾ ಮಾತ್ಸೋತ್ಸ್ಕಾ: ಸೋಚಿಯಲ್ಲಿ ಆಕೆ ಮಾಡಿದ್ದು ಸರಿಯಾ?

ಸುಮಾ ಹೆಗಡೆ, ಶಿರಸಿ:

ಮಿಲಾನೋ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಉಕ್ರೇನಿನ ಸ್ಕೆಲಿಟನ್ (ಚಿಕ್ಕ ಹಲಗೆಯ ಮೇಲೆ ಬೋರಲು ಮಲಗಿ ಮಂಜಿನ ದಾರಿಯಲ್ಲಿ ಜಾರುವ ಆಟ) ಆಟಗಾರ ವ್ಲಾದಿಸ್ಲಾವ್ ಹೆರಾಸ್ಕೆವಿಚ್ ಅವರನ್ನು ಹೆಲ್ಮೆಟ್ ಕಾರಣಕ್ಕೆ ಸ್ಪರ್ಧೆಯಿಂದ ಹೊರಗೆ ಹಾಕಿದ್ದು ನಿಮಗೆಲ್ಲ ಗೊತ್ತು. ಯುದ್ಧದಲ್ಲಿ ಸತ್ತ ಉಕ್ರೇನಿನ ಕ್ರೀಡಾಪಟುಗಳ ಮುಖಗಳು ಆ ಹೆಲ್ಮೆಟ್ ಮೇಲಿದ್ದವು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅದಕ್ಕೂ 12 ವರ್ಷ ಹಿಂದಿನ ಇನ್ನೊಬ್ಬರು. ಅವರ ಹೆಸರನ್ನು ಯಾರೂ ಎತ್ತಲಿಲ್ಲ.

ಬೊಹ್ದಾನಾ ಮಾತ್ಸೋತ್ಸ್ಕಾ. ಉಕ್ರೇನಿನ ಆಲ್ಪೈನ್ ಸ್ಕೀ ಆಟಗಾರ್ತಿ, ಅಂದರೆ ಹಿಮದ ಬೆಟ್ಟದಿಂದ ಸ್ಕೀ ಕಟ್ಟಿಕೊಂಡು ಇಳಿಯುವವರು. ಹುಟ್ಟಿದ್ದು 1989ರಲ್ಲಿ, ಪಶ್ಚಿಮ ಉಕ್ರೇನಿನ ಕಾರ್ಪೇಥಿಯನ್ ಬೆಟ್ಟಗಳ ಸೀಮೆಯ ಕೋಸಿವ್ ಅನ್ನುವ ಊರಲ್ಲಿ. ತಂದೆ ಓಲೆಹ್ ಅವರೇ ಕೋಚ್. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹೋಗಿದ್ದರು. 2014ರ ಫೆಬ್ರವರಿಯಲ್ಲಿ ಒಲಿಂಪಿಕ್ಸ್‌ಗೆಂದು ರಷ್ಯಾದ ಸೋಚಿಗೆ ಬಂದರು. ಸೂಪರ್-ಜಿ ಆಯ್ತು, ಜೈಂಟ್ ಸ್ಲಾಲಮ್ ಆಯ್ತು. ಉಳಿದದ್ದು 21ರಂದು ನಡೆಯಬೇಕಿದ್ದ ಸ್ಲಾಲಮ್ (ಹತ್ತಿರ ಹತ್ತಿರ ನೆಟ್ಟ ಕಂಬಗಳ ‘ಗೇಟ್’ ನಡುವೆ ತಿರುಗುತ್ತಾ ಇಳಿಯುವುದು) ಒಂದೇ.

ಅಷ್ಟರಲ್ಲಿ ಕೀವ್‌ನ ಮೈದಾನ್ ಚೌಕದಲ್ಲಿ ಗುಂಡು ಹಾರಿತು. ಅಧ್ಯಕ್ಷ ಯಾನುಕೋವಿಚ್ ಸರ್ಕಾರ ಯುರೋಪಿಯನ್ ಒಕ್ಕೂಟದ ಜೊತೆಗಿನ ಒಪ್ಪಂದ ಕೈಬಿಟ್ಟಿದ್ದಕ್ಕೆ 2013ರ ನವೆಂಬರಿನಿಂದ ಅಲ್ಲಿ ಜನ ಕೂತಿದ್ದರು. ಫೆಬ್ರವರಿ 18ರಿಂದ 20ರ ಒಳಗೆ ಹತ್ತಾರು ಜನ ಸತ್ತರು. ಜಾಸ್ತಿ ಸತ್ತದ್ದು 20ರಂದು. ಅಪ್ಪ-ಮಗಳು ಇಬ್ಬರೂ ಸೇರಿ ಫೇಸ್‌ಬುಕ್‌ನಲ್ಲಿ ಹೇಳಿಕೆ ಹಾಕಿದರು: ಪ್ರತಿಭಟನಾಕಾರರ ಮೇಲೆ ನಡೆದ ದೌರ್ಜನ್ಯವನ್ನು ವಿರೋಧಿಸಿ ನಾವು ಇನ್ನು ಈ ಕ್ರೀಡಾಕೂಟದಲ್ಲಿ ಸ್ಪರ್ಧಿಸುವುದಿಲ್ಲ. ಸ್ಲಾಲಮ್‌ಗೆ ಆಕೆ ಇಳಿಯಲಿಲ್ಲ. ಅದೇ ಆಕೆಯ ಕೊನೆಯ ಒಲಿಂಪಿಕ್ಸ್ ಆಯ್ತು.

ನನ್ನ ಪ್ರಕಾರ ಪದಕ ಗೆದ್ದವರ ಸಾಲಿನಲ್ಲೇ ಆಕೆಯ ಹೆಸರೂ ಇರಬೇಕು. ತನ್ನ ಕೈಯಲ್ಲಿದ್ದ ಅತಿ ದೊಡ್ಡದನ್ನು ಬಿಟ್ಟುಕೊಟ್ಟರು. ನೀವೇನು ಹೇಳ್ತೀರಿ?

ರಾಘವೇಂದ್ರ ಕೆ.:

ಸುಮಾ ಮೇಡಂ, ನಾನು ಒಪ್ಪುವುದಿಲ್ಲ. ಸತ್ತವರ ಬಗ್ಗೆ ದುಃಖ ಎಲ್ಲರಿಗೂ ಇದೆ. ಆದರೆ ಅದೇ 21ರ ಸಂಜೆ, ಅದೇ ಕ್ರಾಸ್ನಾಯಾ ಪೊಲ್ಯಾನಾ ಬೆಟ್ಟಗಳಲ್ಲಿ, ಉಕ್ರೇನಿನ ನಾಲ್ಕು ಹೆಣ್ಣುಮಕ್ಕಳು ಬಯಾತ್ಲಾನ್ (ಸ್ಕೀ ಓಟದ ನಡುವೆ ಗುರಿಗೆ ಗುಂಡು ಹೊಡೆಯುವ ಆಟ) ರಿಲೇಯಲ್ಲಿ ಓಡಿದರು. ವೀಟಾ ಸೆಮೆರೆಂಕೋ, ಯೂಲಿಯಾ ಜೀಮಾ, ವಾಲ್ಯಾ ಸೆಮೆರೆಂಕೋ, ಓಲೆನಾ ಪಿದ್ರುಶ್ನಾ. ರಷ್ಯಾದ ನೆಲದಲ್ಲಿ ರಷ್ಯಾ ತಂಡವನ್ನೇ ಹಿಂದೆ ಹಾಕಿ ಚಿನ್ನ ಗೆದ್ದರು. 1994ರಲ್ಲಿ ಒಕ್ಸಾನಾ ಬಾಯುಲ್ ಫಿಗರ್ ಸ್ಕೇಟಿಂಗ್‌ನಲ್ಲಿ ಗೆದ್ದ ಮೇಲೆ, 20 ವರ್ಷಕ್ಕೆ ಬಂದ ಚಿನ್ನ ಅದು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಉಕ್ರೇನಿಗೆ ಬರೀ ಎರಡನೆಯದು.

ಅವರ ಮನೆಯವರೂ ಅದೇ ದೇಶದಲ್ಲೇ ಇದ್ದರು. ಅವರಿಗೂ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಆದರೂ ಓಡಿದರು. ಪದಕದ ವೇದಿಕೆ ಮೇಲೆ ನಿಂತಾಗ ಇಡೀ ಜಗತ್ತು ಉಕ್ರೇನಿನ ರಾಷ್ಟ್ರಗೀತೆ ಕೇಳಿತು. ಇಳಿಯದೇ ಉಳಿದವರನ್ನು ಜಗತ್ತು ಎಷ್ಟು ಕೇಳಿತು?

ಇನ್ನೊಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಮಾತ್ಸೋತ್ಸ್ಕಾ ಪದಕದ ಹತ್ತಿರವೂ ಇರಲಿಲ್ಲ. ಉಕ್ರೇನಿಗೆ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಒಲಿಂಪಿಕ್ ಪದಕವೇ ಬಂದಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದಾಗ ಬಿಟ್ಟುಕೊಟ್ಟದ್ದನ್ನು ದೊಡ್ಡ ತ್ಯಾಗ ಅನ್ನುವುದು ಹೇಗೆ?

ಮಂಜುನಾಥ, ಮ್ಯೂನಿಕ್:

ರಾಘವೇಂದ್ರ ಅವರೇ, ಮೊದಲನೇ ಭಾಗಕ್ಕೆ ಬೇರೆಯವರು ಉತ್ತರ ಕೊಡಲಿ. ‘ಕಳೆದುಕೊಳ್ಳಲು ಏನೂ ಇಲ್ಲ’ ಅಂದಿರಲ್ಲ, ಅದನ್ನು ಮಾತ್ರ ಸುಮ್ನೆ ಬಿಡಲಾರೆ. ನಾನು ಚಳಿಗಾಲದಲ್ಲಿ ಇಲ್ಲಿನ ಬೆಟ್ಟದೂರು ಗಾರ್ಮಿಶ್ ಕಡೆ ಸ್ಕೀಯಿಂಗ್‌ಗೆ ಹೋಗುತ್ತೇನೆ. ಮಕ್ಕಳು ಅಲ್ಲಿನ ಕ್ಲಬ್ಬಿನಲ್ಲಿ ಕಲಿಯುತ್ತಿದ್ದಾರೆ. ಈ ಆಟದಲ್ಲಿ ಚಿಕ್ಕ ದೇಶದವರ ಪಾಡು ಏನು ಅಂತ ಸ್ವಲ್ಪ ಹೇಳುತ್ತೇನೆ.

ಇಲ್ಲಿ ಎಲ್ಲವೂ ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ಪಾಯಿಂಟ್ ಮೇಲೆ ನಿಂತಿದೆ. ಪಾಯಿಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಗೆದ್ದವರಿಗಿಂತ ನೀವು ಎಷ್ಟು ಹಿಂದೆ ಬಿದ್ದಿರಿ ಅನ್ನುವುದರ ಲೆಕ್ಕ ಅದು. ಪಾಯಿಂಟ್ ಇಳಿಸಬೇಕಾದರೆ ಒಳ್ಳೆಯವರು ಬರುವ ರೇಸ್‌ಗಳಿಗೆ ಹೋಗಬೇಕು. ಅಂದರೆ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್ ಅಂತ ತಿಂಗಳುಗಟ್ಟಲೆ ತಿರುಗಬೇಕು. ಆಗಿನ ನಿಯಮದಲ್ಲಿ 140 ಪಾಯಿಂಟಿನ ಒಳಗೆ ಬಂದರೆ ಚಿಕ್ಕ ದೇಶಕ್ಕೆ ಒಂದು ಹೆಣ್ಣು, ಒಂದು ಗಂಡು ಅಂತ ಜಾಗ ಸಿಗುತ್ತಿತ್ತು. ಆ ಒಂದು ಜಾಗಕ್ಕೆ ನಾಲ್ಕು ವರ್ಷದ ದುಡಿಮೆ.

ಸಾಮಾನಿನ ಖರ್ಚು ಬೇರೆ. ಸ್ಲಾಲಮ್ ಸ್ಕೀ ಬೇರೆ, ಜೈಂಟ್ ಸ್ಲಾಲಮ್ ಸ್ಕೀ ಬೇರೆ, ಸೂಪರ್-ಜಿ ಸ್ಕೀ ಇನ್ನೂ ಉದ್ದ. 2012-13ರ ಸೀಸನ್‌ಗೆ ಜೈಂಟ್ ಸ್ಲಾಲಮ್ ಸ್ಕೀಯ ನಿಯಮವೇ ಬದಲಾಯಿತು, ಹಳೆಯ ಜೋಡಿಗಳೆಲ್ಲ ಮೂಲೆಗೆ ಹೋದವು. ದೊಡ್ಡ ದೇಶದವರಿಗೆ ಕಂಪನಿ ತಾನಾಗೇ ತಂದುಕೊಡುತ್ತದೆ. ಅವರ ಜೊತೆ ವ್ಯಾಕ್ಸ್ ಹಚ್ಚುವವನು, ಅಂಚು ಉಜ್ಜುವವನು ಅಂತ ಒಬ್ಬ ಸರ್ವಿಸ್‌ಮ್ಯಾನ್ ಇರುತ್ತಾನೆ. ಚಿಕ್ಕ ತಂಡಗಳಲ್ಲಿ ಈ ಕೆಲಸ ಕೋಚ್‌ದೇ. ರಾತ್ರಿ ಹೋಟೆಲಿನ ನೆಲಮಾಳಿಗೆಯಲ್ಲಿ ಬೆಂಚಿಗೆ ಸ್ಕೀ ಬಿಗಿದು, ಫೈಲ್ ಹಿಡಿದು ಅಂಚು ತೆಗೆಯುತ್ತಾ ಕೂತ ಎಷ್ಟೋ ಅಪ್ಪಂದಿರನ್ನು ಇಲ್ಲಿನ ಜೂನಿಯರ್ ರೇಸ್‌ಗಳಲ್ಲಿ ನಾನೇ ನೋಡಿದ್ದೇನೆ. ಕಬ್ಬಿಣದ ಪುಡಿ ಬೆರಳ ಸಂದಿಯಲ್ಲೆಲ್ಲ ಕೂತಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಸ್ಟಾರ್ಟ್ ನಂಬರ್. ಮೊದಲ 15 ಜನ ಹೆಸರಾಂತರು. ಆಮೇಲೆ ಪಾಯಿಂಟ್ ಪ್ರಕಾರ. ಸೋಚಿಯ ಸ್ಲಾಲಮ್‌ನಲ್ಲಿ 80ಕ್ಕಿಂತ ಜಾಸ್ತಿ ಹುಡುಗಿಯರಿದ್ದರು. ಅಲ್ಲಿ ಹವೆ ಎಷ್ಟು ಬೆಚ್ಚಗಿತ್ತು ಅಂದರೆ, ಹಿಮ ಗಟ್ಟಿಯಾಗಲಿ ಅಂತ ಇಳಿಜಾರಿಗೆ ಉಪ್ಪು ಹಾಕುತ್ತಿದ್ದರು. ಮುಂದಿನವರು ಇಳಿಯುತ್ತಾ ಹೋದ ಹಾಗೆ ಪ್ರತಿ ಗೇಟಿನ ಪಕ್ಕ ಗುಂಡಿ ಬೀಳುತ್ತದೆ. ಹಿಂದೆ ಬರುವವರು ಆ ಗುಂಡಿಯಲ್ಲೇ ತಿರುಗಬೇಕು. ಸ್ಕೀ ಅದುರುತ್ತದೆ, ಮೊಣಕಾಲು ಅದುರುತ್ತದೆ. ಅಲ್ಲಿ ಮುಗಿಸಿ ಬರುವುದೇ ಸಾಧನೆ.

ಹಾಗಾಗಿ ಮಾತ್ಸೋತ್ಸ್ಕಾ ತರದವರಿಗೆ ಪದಕ ಅನ್ನುವುದು ಲೆಕ್ಕದಲ್ಲೇ ಇಲ್ಲ. ಒಲಿಂಪಿಕ್ ಬೆಟ್ಟದ ತುದಿಯಲ್ಲಿ ದೇಶದ ಪರವಾಗಿ ಬಿಬ್ (ಎದೆಯ ಮೇಲಿನ ನಂಬರಿನ ಅಂಗಿ) ಹಾಕಿಕೊಂಡು ನಿಲ್ಲುವುದೇ ಅವರ ಗುರಿ, ಅದೇ ಗಳಿಕೆ. ಅದನ್ನೇ ಆಕೆ ಬಿಟ್ಟದ್ದು.

ಅಶ್ವಿನಿ ಪ್ರಭು:

ಮಂಜಣ್ಣ, ಒಂದು ಪ್ರಶ್ನೆ. ಉಕ್ರೇನಿನಲ್ಲಿ ಬೆಟ್ಟ ಇದೆ, ಹಿಮ ಇದೆ, ಬಯಾತ್ಲಾನ್‌ನಲ್ಲಿ ಅಷ್ಟು ಗೆಲ್ಲುತ್ತಾರೆ. ಆಲ್ಪೈನ್‌ನಲ್ಲಿ ಮಾತ್ರ ಯಾಕೆ ಹಿಂದೆ?

ಮಂಜುನಾಥ, ಮ್ಯೂನಿಕ್:

ಎತ್ತರ ಸಾಲದು, ಅಶ್ವಿನಿ. ಬಯಾತ್ಲಾನ್‌ಗೆ ಏರಿಳಿತ ಇರುವ ಕಾಡಿನ ದಾರಿ ಸಾಕು. ಆಲ್ಪೈನ್‌ಗೆ ಉದ್ದದ ಇಳಿಜಾರು ಬೇಕು. ಒಲಿಂಪಿಕ್ ಮಟ್ಟದ ಗಂಡಸರ ಡೌನ್‌ಹಿಲ್‌ಗೆ (ಅತಿ ವೇಗದ ಇಳಿಯುವ ಸ್ಪರ್ಧೆ) ಮೇಲಿಂದ ಕೆಳಗೆ ಕನಿಷ್ಠ 800 ಮೀಟರ್ ಇಳಿತ ಇರಬೇಕು. ಉಕ್ರೇನಿನ ಅತಿ ದೊಡ್ಡ ಸ್ಕೀ ತಾಣ ಬುಕೋವೆಲ್‌ನ ತುದಿಯೇ ಸುಮಾರು 1370 ಮೀಟರ್, ಬುಡ 900ರ ಹತ್ತಿರ. ಸ್ಲಾಲಮ್‌ಗೆ 200 ಮೀಟರ್ ಇಳಿತ ಇದ್ದರೆ ಆಯ್ತು, ಹಾಗಾಗಿ ಅದು ಅಲ್ಲಿ ಆಗುತ್ತದೆ. ವೇಗದ ಸ್ಪರ್ಧೆಗಳ ಅಭ್ಯಾಸಕ್ಕೆ ಹೊರದೇಶಕ್ಕೇ ಹೋಗಬೇಕು. ಆ ದುಡ್ಡು ಎಲ್ಲಿಂದ? ಗೆಲ್ಲುವ ಆಟಕ್ಕೇ ಸರ್ಕಾರದ ಹಣ ಹೋಗುತ್ತದೆ. ಗೆಲ್ಲದ ಆಟದವರು ಮನೆಯವರನ್ನೇ ನೆಚ್ಚಿಕೊಂಡು ನಡೆಯುತ್ತಾರೆ. ಅಪ್ಪನೇ ಕೋಚ್ ಆಗುವುದು ಈ ಆಟದಲ್ಲಿ ಅಪರೂಪವೇನಲ್ಲ.

ಡಾ. ವಿನಯ್, ಬಾಗಲಕೋಟೆ:

ಈ ಚರ್ಚೆ ನೋಡಿ ಬರೆಯದೇ ಇರಲಾಗಲಿಲ್ಲ. ನಾನು ಎಂಬಿಬಿಎಸ್ ಓದಿದ್ದು ಇವಾನೋ-ಫ್ರಾಂಕಿವ್ಸ್ಕ್‌ನಲ್ಲಿ. ಕೋಸಿವ್ ಅದೇ ಪ್ರಾಂತದ್ದು. ಬುಕೋವೆಲ್ ಕೂಡ.

ಚಳಿಗಾಲದ ರಜೆಯಲ್ಲಿ ನಾವು ಹುಡುಗರು ಯಾರೆಮ್ಚೆ ಊರಿನ ಮೇಲೆ ಹಾಯ್ದು ಬಸ್ಸಿನಲ್ಲಿ ಬುಕೋವೆಲ್‌ಗೆ ಹೋಗುತ್ತಿದ್ದೆವು. ಬಾಡಿಗೆಗೆ ಸ್ಕೀ ಸಿಗುತ್ತಿತ್ತು. ನಾವು ನಿಲ್ಲುವುದನ್ನು ಕಲಿಯುವಷ್ಟರಲ್ಲಿ ನಮ್ಮ ಸೊಂಟದ ಎತ್ತರದ ಮಕ್ಕಳು ಪಕ್ಕದಲ್ಲಿ ಗೇಟ್‌ಗಳ ನಡುವೆ ಇಳಿಯುತ್ತಿದ್ದರು. ಕೆಂಪು ಕಂಬ, ನೀಲಿ ಕಂಬ, ಮತ್ತೆ ಕೆಂಪು. ಮುಂಗೈಗೆ ಪ್ಲಾಸ್ಟಿಕ್ ಗಾರ್ಡ್ ಕಟ್ಟಿಕೊಂಡು ಕಂಬವನ್ನು ಟಪ್ ಅಂತ ಹೊಡೆದು ಬೀಳಿಸುತ್ತಾ ಹೋಗುವುದು. ಕೋಚ್ ಕೆಳಗೆ ನಿಂತು ಕೂಗುತ್ತಿರುತ್ತಿದ್ದ. ಆ ಸೀಮೆಯಲ್ಲಿ ಸ್ಕೀಯಿಂಗ್ ಅಂದರೆ ಶ್ರೀಮಂತರ ರಜೆ ಮಾತ್ರ ಅಲ್ಲ, ಊರಿನ ಮಕ್ಕಳ ಆಟವೂ ಹೌದು.

ಕೋಸಿವ್‌ಗೆ ಹೋಗಿದ್ದು ಸಂತೆಗೆ. ಅಲ್ಲಿ ಬಣ್ಣದ ಮಣ್ಣಿನ ಪಾತ್ರೆ ಮಾಡುತ್ತಾರೆ. ಹಸಿರು, ಹಳದಿ, ಕಂದು ಮೂರೇ ಬಣ್ಣ. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಂಥ ಸಣ್ಣ ಊರಿನ ಹುಡುಗಿ ಎರಡು ಒಲಿಂಪಿಕ್ಸ್‌ಗೆ ಹೋದಳು ಅಂದರೆ ಆ ಊರಿಗೆ ಅದೇನು ಅಂತ ಊಹಿಸಿ.

ಈಗ ಮೈದಾನ್ ವಿಷಯ. ದೂರದಿಂದ ನೋಡುವವರಿಗೆ ಅದು ‘ರಾಜಕೀಯ’. ಇವಾನೋ-ಫ್ರಾಂಕಿವ್ಸ್ಕ್‌ನಲ್ಲಿ ಇದ್ದವರಿಗೆ ಹಾಗಲ್ಲ. ಆ ಪ್ರಾಂತದಿಂದ ಬಸ್ಸುಗಟ್ಟಲೆ ಜನ ಕೀವ್‌ಗೆ ಹೋಗಿದ್ದರು. ಫೆಬ್ರವರಿ 20ರಂದು ಮೈದಾನ್ ಪಕ್ಕದ ಇನ್ಸ್ಟಿಟುಟ್ಸ್ಕಾ ರಸ್ತೆಯಲ್ಲಿ ಗುಂಡು ತಗುಲಿ ಸತ್ತವರಲ್ಲಿ ಅದೇ ನಗರದ ವಿದ್ಯಾರ್ಥಿ ರೋಮನ್ ಹುರಿಕ್ ಇದ್ದ. ವಯಸ್ಸು 19. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಆದರೂ ಫೆಬ್ರವರಿ 20 ಬಂದರೆ ಕಾಲೇಜಿನಲ್ಲಿ ಪಾಠ ಶುರು ಮಾಡುವ ಮೊದಲು ಟೀಚರ್ ಎದ್ದು ನಿಲ್ಲಲು ಹೇಳುತ್ತಿದ್ದರು. ಸತ್ತವರನ್ನು ಅಲ್ಲಿ ‘ಸ್ವರ್ಗದ ನೂರು’ ಅಂತ ಕರೆಯುತ್ತಾರೆ.

ರಾಘವೇಂದ್ರ ಸರ್, ಹಿಂದಿನ ದಿನ ತನ್ನ ಸೀಮೆಯ ಹುಡುಗರು ಸತ್ತಿದ್ದಾರೆ. ಮಾರನೇ ದಿನ ರೇಸ್. ಎಲ್ಲಕ್ಕಿಂತ ಹೆಚ್ಚಾಗಿ, ಆಕೆ ಇಳಿಯಬೇಕಿದ್ದದ್ದು ಯಾನುಕೋವಿಚ್ ಬೆನ್ನಿಗಿದ್ದ ರಷ್ಯಾದ ನೆಲದಲ್ಲಿ. ಆಕೆಗೆ ಕಾಲು ಏಳಲಿಲ್ಲ. ನನಗೆ ಅದು ಪೂರ್ತಿ ಅರ್ಥವಾಗುತ್ತದೆ.

ರಾಘವೇಂದ್ರ ಕೆ.:

ವಿನಯ್ ಅವರೇ, ನೀವು ಬರೆದದ್ದು ಓದಿ ಮನಸ್ಸು ಭಾರವಾಯ್ತು. ಆಕೆಗೆ ದುಃಖ ಆಗಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಕಾಲು ಏಳಲಿಲ್ಲ, ಇಳಿಯಲಿಲ್ಲ ಅಂದರೆ ಅದು ಬೇರೆ. ನಾವೆಲ್ಲ ಕೈ ಮುಗಿದು ಸುಮ್ಮನಿರುತ್ತೇವೆ. ಆದರೆ ಇಲ್ಲಿ ಹೇಳಿಕೆ ಬಂತು. ಅಧ್ಯಕ್ಷರ ವಿರುದ್ಧ, ಸರ್ಕಾರದ ವಿರುದ್ಧ ಅಂತ ಬಂತು. ಆಗ ಅದು ದುಃಖ ಅಲ್ಲ, ನಿಲುವು. ನಿಲುವನ್ನು ತೂಗಿ ನೋಡುವ ಹಕ್ಕು ನಮಗಿದೆ.

ನನ್ನ ಎರಡು ಆಕ್ಷೇಪ. ಒಂದು, ಉಕ್ರೇನಿನ ಒಲಿಂಪಿಕ್ ಸಮಿತಿಯ ಮುಖ್ಯಸ್ಥರಾಗಿದ್ದವರು ಸೆರ್ಹಿ ಬುಬ್ಕಾ, ಪೋಲ್ ವಾಲ್ಟ್ ದಂತಕಥೆ. ಹಿಂಸೆ ನಿಲ್ಲಲಿ ಅಂತ ಅವರೂ ಬಹಿರಂಗವಾಗಿ ಕೇಳಿಕೊಂಡರು. ತಂಡ ಮಾತ್ರ ಸ್ಪರ್ಧೆಯಲ್ಲಿ ಉಳಿಯಿತು. ಒಂದು ದೇಶದ ತಂಡ ಅಂದ ಮೇಲೆ ಒಂದೇ ದಾರಿ ಹಿಡಿಯಬೇಕಲ್ವಾ? ಎರಡು, ಅಪ್ಪನೇ ಕೋಚ್, ಹೇಳಿಕೆ ಬಂದದ್ದೂ ಇಬ್ಬರ ಹೆಸರಲ್ಲಿ. ಇದು ಎಷ್ಟು ಮಗಳ ತೀರ್ಮಾನ, ಎಷ್ಟು ಅಪ್ಪನದು? ಕೋಚ್‌ಗೆ ಮತ್ತೆ ಒಲಿಂಪಿಕ್ಸ್ ಸಿಗಬಹುದು. ಆಟಗಾರ್ತಿಗೆ ಸಿಗಲಿಲ್ಲ.

ಸುಮಾ ಹೆಗಡೆ, ಶಿರಸಿ:

ಎರಡನೆಯದಕ್ಕೆ ಮೊದಲು ಉತ್ತರ. ಆಕೆಗೆ ಆಗ 24 ವರ್ಷ, ಎರಡನೇ ಒಲಿಂಪಿಕ್ಸ್. ಸುದ್ದಿಗಾರರ ಮುಂದೆ ಮಾತಾಡಿದ್ದು ಆಕೆಯೇ. ದೇಶದಲ್ಲಿ ಜನ ಸಾಯುತ್ತಿರುವಾಗ ಸ್ಪರ್ಧೆ ಮಾಡಲು ಇಷ್ಟವಿಲ್ಲ ಅಂತ ನೇರವಾಗಿ ಹೇಳಿದರು. ಗಂಡು ಆಟಗಾರ ಇದನ್ನೇ ಮಾಡಿದ್ದರೆ ‘ಅಪ್ಪ ಹೇಳಿಕೊಟ್ಟಿರಬೇಕು’ ಅಂತ ಕೇಳುತ್ತಿದ್ದೆವಾ? ದಯವಿಟ್ಟು ಯೋಚಿಸಿ.

ಇನ್ನು ತಂಡದ ದಾರಿ. ಉಕ್ರೇನಿನವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸ್ಪರ್ಧಿಸುವ ಮಾತು ಎತ್ತಿದ್ದರು. ಅದು ಆಗಲಿಲ್ಲ. ಒಲಿಂಪಿಕ್ ಚಾರ್ಟರ್‌ನ 50ನೇ ನಿಯಮ ಕ್ರೀಡಾಂಗಣದ ಒಳಗೆ ರಾಜಕೀಯ ಪ್ರದರ್ಶನಕ್ಕೆ ಅವಕಾಶ ಕೊಡುವುದಿಲ್ಲ. ಕೊನೆಗೆ ಅವರು ಒಲಿಂಪಿಕ್ ಗ್ರಾಮದಲ್ಲಿ ತಮ್ಮ ಬಾವುಟಗಳಿಗೆ ಕಪ್ಪು ರಿಬ್ಬನ್ ಕಟ್ಟಿದರು.

ಈ ನಿಯಮವನ್ನು ಇಟ್ಟುಕೊಂಡು ಮಾತ್ಸೋತ್ಸ್ಕಾ ಮಾಡಿದ್ದನ್ನು ನೋಡಿ. ಪಟ್ಟಿ ಕಟ್ಟಿದರೆ ಬಿಚ್ಚಿಸಬಹುದು. ಬರಹ ಹಿಡಿದರೆ ಕಿತ್ತುಕೊಳ್ಳಬಹುದು. ಹೆಲ್ಮೆಟ್ ಹಾಕಿದರೆ ಹೊರಗೆ ಹಾಕಬಹುದು, 2026ರಲ್ಲಿ ನೋಡಿದೆವಲ್ಲ. ಆದರೆ ಇಳಿಯದೇ ಇರುವುದನ್ನು ಯಾವ ನಿಯಮವೂ ತಡೆಯಲಾರದು. ಯಾರ ಅನುಮತಿಯೂ ಬೇಕಿಲ್ಲದ, ಯಾರೂ ಶಿಕ್ಷೆ ಕೊಡಲಾಗದ ಒಂದೇ ಪ್ರತಿಭಟನೆ ಅದು. ಅದರ ಪೂರ್ತಿ ಬೆಲೆ ಕಟ್ಟುವವರು ಮಾತ್ರ ಆಟಗಾರರೇ. ಬೇರೆ ಯಾರ ರೇಸೂ ಹಾಳಾಗಲಿಲ್ಲ, ಯಾವ ಸಮಾರಂಭವೂ ನಿಲ್ಲಲಿಲ್ಲ. ಅದೇ ರಾತ್ರಿ ದೀಪದ ಬೆಳಕಲ್ಲಿ ಎರಡನೇ ಸುತ್ತು ನಡೆದು, ಅಮೆರಿಕದ 18 ವರ್ಷದ ಮಿಕೇಲಾ ಶಿಫ್ರಿನ್ ಚಿನ್ನ ಗೆದ್ದರು. ಶಿಫ್ರಿನ್ ಗೆಲುವಿಗೆ ಒಂದು ಚೂರೂ ಮಸಿ ಬಳಿಯಲಿಲ್ಲ ಮಾತ್ಸೋತ್ಸ್ಕಾ.

ಪಿ.ಟಿ. ಮೇಷ್ಟ್ರು, ತೀರ್ಥಹಳ್ಳಿ:

ಮಕ್ಕಳಿಗೆ ಓಟ ಕಲಿಸುತ್ತಾ ವಯಸ್ಸಾದವನು ನಾನು. ಎಲ್ಲರ ಮಾತೂ ಓದಿದೆ.

ಕೋಚ್ ಆಗಿ ನನ್ನ ಅನಿಸಿಕೆ ರಾಘವೇಂದ್ರ ಅವರ ಹತ್ತಿರ ಇದೆ. ಆಟಗಾರರ ಆಯಸ್ಸು ಬಹಳ ಚಿಕ್ಕದು. ಮೊಣಕಾಲು ಒಂದು ಸಲ ಹೋಯ್ತು ಅಂದರೆ ಮುಗೀತು. ನನ್ನ ಹುಡುಗಿ ಬಂದು ‘ಸರ್, ನಾಳೆ ಓಡಲ್ಲ’ ಅಂದರೆ ನಾನು ರಾತ್ರಿಯೆಲ್ಲ ಕೂತು ಓಡು ಅಂತಲೇ ಹೇಳುತ್ತೇನೆ. ಕೊನೆಗೆ ಅವಳದ್ದೇ ತೀರ್ಮಾನ, ಅದು ಬೇರೆ. ಆದರೆ ನನ್ನ ಕೆಲಸ ಓಡಿಸುವುದು.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಯಾರೂ ಹೇಳಲಿಲ್ಲ. ಸೋಚಿ ಒಲಿಂಪಿಕ್ಸ್ ಮುಗಿದು ಎರಡೇ ವಾರಕ್ಕೆ, 2014ರ ಮಾರ್ಚ್‌ನಲ್ಲಿ, ಅಲ್ಲೇ ಪ್ಯಾರಾಲಿಂಪಿಕ್ಸ್ ನಡೆಯಿತು. ಅಷ್ಟು ಹೊತ್ತಿಗೆ ರಷ್ಯಾ ಸೈನಿಕರು ಉಕ್ರೇನಿನ ಕ್ರೈಮಿಯಾದಲ್ಲಿದ್ದರು. ಉಕ್ರೇನ್ ತಂಡ ವಾಪಸ್ ಹೋಗುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅವರು ಹೋಗಲಿಲ್ಲ. ಉದ್ಘಾಟನೆಯ ಮೆರವಣಿಗೆಗೆ ಒಬ್ಬರೇ ಬಂದರು: ಗಾಲಿಕುರ್ಚಿಯಲ್ಲಿ ಮಿಖೈಲೋ ತ್ಕಾಚೆಂಕೋ, ಕೈಯಲ್ಲಿ ಬಾವುಟ. ಉಳಿದ ಆಟಗಾರರು ಯಾರೂ ಹಿಂದೆ ಬರಲಿಲ್ಲ. ಆಮೇಲೆ ಇಳಿದು ಸ್ಪರ್ಧಿಸಿ 25 ಪದಕ ಗೆದ್ದರು. 5 ಚಿನ್ನ, 9 ಬೆಳ್ಳಿ, 11 ಕಂಚು. ಪದಕ ಹಾಕಿಸಿಕೊಂಡು ಕೆಲವರು ಅದನ್ನು ಕೈಯಿಂದ ಮುಚ್ಚಿಕೊಂಡು ನಿಂತರು.

ನನಗೆ ಆ ದಾರಿ ಇಷ್ಟ. ಹೇಳಬೇಕಾದ್ದನ್ನೂ ಹೇಳಿದರು, ಬಂದ ಕೆಲಸವನ್ನೂ ಬಿಡಲಿಲ್ಲ. ಅಪ್ಪ ಓಲೆಹ್ ಅವರಿಗೆ ಆ ರಾತ್ರಿ ಏನನ್ನಿಸಿತೋ. ಮಗಳನ್ನು ಚಿಕ್ಕಂದಿನಿಂದ ಬೆಟ್ಟ ಹತ್ತಿಸಿದವರು. ಮಗಳು ಇಳಿಯದಿರುವ ತೀರ್ಮಾನಕ್ಕೆ ತಾನೂ ಸಹಿ ಹಾಕುವುದು ಕೋಚ್‌ಗೆ ಸಣ್ಣ ಮಾತಲ್ಲ. ಅವರೂ ಏನೂ ಕಳೆದುಕೊಳ್ಳಲಿಲ್ಲ ಅಂತ ಮಾತ್ರ ಹೇಳಬೇಡಿ, ರಾಘವೇಂದ್ರ ಅವರೇ.

ಡಾ. ವಿನಯ್, ಬಾಗಲಕೋಟೆ:

ಮೇಷ್ಟ್ರೇ, ಪ್ಯಾರಾಲಿಂಪಿಕ್ಸ್ ತಂಡಕ್ಕೆ ಯೋಚಿಸಲು ದಿನಗಳು ಸಿಕ್ಕವು, ಜೊತೆಗೆ ಕೂತು ಮಾತಾಡಲು ಇಡೀ ತಂಡ ಇತ್ತು. ಮಾತ್ಸೋತ್ಸ್ಕಾಗೆ ಸಿಕ್ಕಿದ್ದು ಒಂದೆರಡು ದಿನ. ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಇನ್ನೊಂದು, ರಿಲೇ ಗೆದ್ದವರನ್ನು ಈಕೆಯ ಎದುರು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಗೆದ್ದ ಮೇಲೆ ಸುದ್ದಿಗೋಷ್ಠಿಯಲ್ಲಿ ಪಿದ್ರುಶ್ನಾ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕೀವ್‌ನಲ್ಲಿ ಸತ್ತವರಿಗಾಗಿ ಒಂದು ನಿಮಿಷ ಮೌನ ಕೇಳಿದ್ದು. ಅವರೂ ಸುಮ್ಮನೆ ಓಡಿ ಗೆದ್ದು ಹೋದವರಲ್ಲ. ಇಬ್ಬರ ಮನಸ್ಸೂ ಒಂದೇ ಕಡೆ ಇತ್ತು. ಒಬ್ಬರಿಗೆ ಇನ್ನೂ ಮೂವರು ಜೊತೆಗಾರ್ತಿಯರು ಕಾಯುತ್ತಿದ್ದರು. ರಿಲೇಯಲ್ಲಿ ಒಬ್ಬರು ಬಿಟ್ಟರೆ ನಾಲ್ವರ ರೇಸೂ ಹೋಗುತ್ತದೆ. ಸ್ಲಾಲಮ್‌ನಲ್ಲಿ ಗೇಟಿನ ಹಿಂದೆ ನಿಲ್ಲುವುದು ಒಬ್ಬರೇ. ಒಬ್ಬಂಟಿ ಆಟದವರಿಗೆ ಈ ಸ್ವಾತಂತ್ರ್ಯ ಇದೆ, ಭಾರವೂ ಅವರೊಬ್ಬರದೇ.

ಅಶ್ವಿನಿ ಪ್ರಭು:

ಸೋಚಿ ಅಂದಾಗ ನಮ್ಮವರ ಕಥೆಯೂ ನೆನಪಾಗುತ್ತದೆ. ಅದೇ ಕೂಟಕ್ಕೆ ಭಾರತದಿಂದ ಮೂವರು ಹೋಗಿದ್ದರು. ಲೂಜ್‌ಗೆ (ಮಂಜಿನ ದಾರಿಯಲ್ಲಿ ಅಂಗಾತ ಮಲಗಿ ಜಾರುವ ಆಟ) ಶಿವ ಕೇಶವನ್, ಆಲ್ಪೈನ್‌ಗೆ ಹಿಮಾಂಶು ಠಾಕೂರ್, ಕ್ರಾಸ್-ಕಂಟ್ರಿಗೆ ನದೀಮ್ ಇಕ್ಬಾಲ್. ಭಾರತೀಯ ಒಲಿಂಪಿಕ್ ಸಂಸ್ಥೆಯ ಚುನಾವಣೆಯ ತಕರಾರಿನಿಂದ ಅದು 2012ರ ಡಿಸೆಂಬರಿನಿಂದ ಅಮಾನತಿನಲ್ಲಿತ್ತು. ಅದಕ್ಕೆ ಉದ್ಘಾಟನೆಯಲ್ಲಿ ಈ ಮೂವರೂ ತ್ರಿವರ್ಣದ ಬದಲು ಒಲಿಂಪಿಕ್ ಬಾವುಟದ ಕೆಳಗೆ ನಡೆದರು. ಫೆಬ್ರವರಿ 11ಕ್ಕೆ ಅಮಾನತು ಹೋಯ್ತು, ನಮ್ಮ ಬಾವುಟ ಏರಿತು. ಅಷ್ಟರಲ್ಲಿ ಕೇಶವನ್ ಅವರ ಸ್ಪರ್ಧೆ ಮುಗಿದೇ ಹೋಗಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಆಟಗಾರರು ದೇಶದ ಪರವಾಗಿ ಹೋಗುತ್ತಾರೆ ಅಂತ ನಾವು ಸಲೀಸಾಗಿ ಹೇಳುತ್ತೇವೆ. ದೇಶ ಅಂದರೆ ಯಾರು? ಪದಾಧಿಕಾರಿಗಳಾ, ಸರ್ಕಾರವಾ, ಊರಿನ ಜನವಾ? ಕೇಶವನ್ ಅವರ ಹೊತ್ತಲ್ಲಿ ಪದಾಧಿಕಾರಿಗಳು ಮಾಡಿದ್ದಕ್ಕೆ ಆಟಗಾರರು ದಂಡ ತೆತ್ತರು. ಮಾತ್ಸೋತ್ಸ್ಕಾ ವಿಷಯದಲ್ಲಿ ಸರ್ಕಾರವೇ ಜನರ ಮೇಲೆ ಗುಂಡು ಹಾರಿಸಿತ್ತು. ಆಕೆ ಯಾರ ಪರವಾಗಿ ಹೋಗಿದ್ದರೋ ಆ ದೇಶ ಯಾವುದು, ಯಾನುಕೋವಿಚ್‌ದಾ, ಮೈದಾನ್‌ದಾ? ರಾಘವೇಂದ್ರ ಅವರ ಮಾತಿನ ಅರ್ಥ ‘ದೇಶಕ್ಕಾಗಿ ಇಳಿಯಬೇಕಿತ್ತು’ ಅಂತಾದರೆ ನನಗೆ ಕಾಡುವ ಪ್ರಶ್ನೆ ಇದೇ. ದೇಶಕ್ಕಾಗಿಯೇ ಇಳಿಯಲಿಲ್ಲ ಅಂತಲೂ ಹೇಳಬಹುದಲ್ವಾ?

ರಾಘವೇಂದ್ರ ಕೆ.:

ಅಶ್ವಿನಿ ಅವರೇ, ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇಷ್ಟು: ಸರ್ಕಾರ ಬರುತ್ತದೆ, ಹೋಗುತ್ತದೆ. ಯಾನುಕೋವಿಚ್ ಸೋಚಿ ಕೂಟ ಮುಗಿಯುವ ಮೊದಲೇ ಕೀವ್ ಬಿಟ್ಟು ಓಡಿದರು. ಬಾವುಟ ಅಲ್ಲೇ ಉಳಿಯಿತು. ಆ ಬಾವುಟ ಬೆನ್ನಿಗಿಟ್ಟುಕೊಂಡು ಆಕೆ ಇಳಿದಿದ್ದರೆ ಅದು ಯಾನುಕೋವಿಚ್‌ಗೆ ಇಳಿದಂತೆ ಆಗುತ್ತಿರಲಿಲ್ಲ.

ಮಂಜುನಾಥ ಅವರು ಹೇಳಿದ ಹಾಗೆ ಗುಂಡಿ ಬಿದ್ದ ಕೋರ್ಸಿನಲ್ಲಿ, ಹಿಂದಿನ ನಂಬರಿನಲ್ಲಿ ಇಳಿದು ಮುಗಿಸುವುದೇ ಸಾಧನೆ ಅಂದರೆ, ಅವತ್ತು ಮುಗಿಸಿದ್ದರೆ ಅದರ ತೂಕ ಇನ್ನೂ ಜಾಸ್ತಿ ಆಗುತ್ತಿತ್ತು. ಆಕೆಯ ಧೈರ್ಯದ ಮೇಲೆ ನನಗೆ ಗೌರವ ಇದೆ. ಆದರೂ ಇಳಿಯಬೇಕಿತ್ತು ಅನ್ನುವುದು ನನ್ನ ಮನಸ್ಸಿನ ಮಾತು.

ಮಂಜುನಾಥ, ಮ್ಯೂನಿಕ್:

ಆ ಒಂದು ವಾಕ್ಯದಲ್ಲಿ ನಾವು ಬೇರೆ ಬೇರೆಯೇ ಇರೋಣ, ರಾಘವೇಂದ್ರ ಅವರೇ. ಸ್ಟಾರ್ಟ್ ಗೇಟಿನ ಬಗ್ಗೆ ಮಾತ್ರ ಕೊನೆಯದಾಗಿ ಒಂದು ಮಾತು. ಸ್ಲಾಲಮ್‌ನಲ್ಲಿ ಒಂದು ಸುತ್ತು ಒಂದು ನಿಮಿಷವೂ ಇಲ್ಲ. ಆ ಹೊತ್ತಿನಲ್ಲಿ 50ರಿಂದ 60 ಗೇಟ್. ಶಿಫ್ರಿನ್‌ರಂಥವರಿಗೇ ಎರಡನೇ ಸುತ್ತಿನಲ್ಲಿ ಒಂದು ಕಡೆ ಎರಡೂ ಸ್ಕೀ ನೆಲ ಬಿಟ್ಟು, ಹಿಂದಕ್ಕೆ ವಾಲಿ, ಇನ್ನೇನು ಬಿದ್ದರು ಅನ್ನುವ ಹಾಗಾಗಿತ್ತು. ತಲೆಯಲ್ಲಿ ಬೇರೆ ಏನಾದರೂ ಇದ್ದರೆ ಮೂರನೇ ಗೇಟಿಗೇ ಹೊರಗೆ. ಮೊಣಕಾಲಿನ ಲಿಗಮೆಂಟ್ ಹರಿಯಲು ಒಂದು ತಪ್ಪು ಹೆಜ್ಜೆ ಸಾಕು. ಹಿಂದಿನ ದಿನದ ಸಾವುಗಳನ್ನು ತಲೆಯಲ್ಲಿಟ್ಟುಕೊಂಡು ಇಳಿಯಿರಿ ಅಂತ ನಾನು ಯಾರಿಗೂ ಹೇಳಲಾರೆ.

ಅಶ್ವಿನಿ ಕೇಳಬಹುದು ಅಂತ ಮೊದಲೇ ಹೇಳುತ್ತೇನೆ: ಆಕೆಯ ನಂತರವೂ ಉಕ್ರೇನಿನವರು ಈ ಆಟ ಬಿಡಲಿಲ್ಲ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ತೆತ್ಯಾನಾ ತಿಕುನ್, ಇವಾನ್ ಕೊವ್ಬಾಸ್ನ್ಯುಕ್ ಹೋದರು. 2022ರಲ್ಲಿ ಬೀಜಿಂಗ್‌ಗೆ ಕೊವ್ಬಾಸ್ನ್ಯುಕ್ ಮತ್ತೆ ಹೋದರು, ಹೆಣ್ಣುಮಕ್ಕಳಲ್ಲಿ ಅನಾಸ್ತಾಸಿಯಾ ಶೆಪಿಲೆಂಕೋ ಇದ್ದರು. ಬೀಜಿಂಗ್ ಕೂಟ ಮುಗಿದ ನಾಲ್ಕೇ ದಿನಕ್ಕೆ, 2022ರ ಫೆಬ್ರವರಿ 24ರಂದು, ದೊಡ್ಡ ಯುದ್ಧ ಶುರುವಾಯ್ತು. ಅಲ್ಲಿಂದೀಚೆಗೆ ಸೇನೆಗೆ ಸೇರುವ ವಯಸ್ಸಿನ ಗಂಡು ಆಟಗಾರರು ಒಂದು ರೇಸ್‌ಗೆ ಗಡಿ ದಾಟಬೇಕಾದರೂ ಸರ್ಕಾರದ ಅನುಮತಿ ಬೇಕು. ಪಾಯಿಂಟ್ ಇಳಿಸಲು ಆಲ್ಪ್ಸ್ ತಿರುಗುವುದು ಮೊದಲೇ ಕಷ್ಟವಿತ್ತು, ಈಗ ಅದಕ್ಕೊಂದು ಕಾಗದದ ಪರದಾಟವೂ ಸೇರಿದೆ. ವಿನಯ್, ನಿಮ್ಮ ಬುಕೋವೆಲ್ ಬೆಟ್ಟದಲ್ಲಿ ಗೇಟ್ ಹೊಡೆಯುತ್ತಿದ್ದ ಆ ಮಕ್ಕಳ ಬ್ಯಾಚಿನವರು ಈಗ ರೇಸ್ ವಯಸ್ಸಿಗೆ ಬಂದಿರುತ್ತಾರೆ. ಅಲ್ಲಿನ ಸಂಪರ್ಕ ಯಾರದ್ದಾದರೂ ಉಳಿದಿದ್ದರೆ ಕೇಳಿ ಬರೆಯಿರಿ, ಕ್ಲಬ್ ನಡೀತಾ ಇದೆಯಾ ಅಂತ.